ಪಕ್ಕದವರಿಗೆ ಬಂತು, ನಮಗೆ ಬರಲಿಲ್ಲ: ಸಬ್ಸಿಡಿ ಪಟ್ಟಿ ಕೇಳಬಹುದಾ?

ಪ್ರಶ್ನೆ: ಸರ್, ನಮ್ಮದು ಬೇಲೂರು ತಾಲ್ಲೂಕು, ಹಳೇಬೀಡು ಕಡೆಯ ಹಳ್ಳಿ. ಮೂರು ಎಕರೆ ಇಪ್ಪತ್ತು ಗುಂಟೆ ಜಮೀನು. ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಅವರು 2022ರಲ್ಲಿ ತೀರಿಕೊಂಡರು. ಪಿಎಂ-ಕಿಸಾನ್ ಹಣ ಅವರು ಹೋದ ಮೇಲೂ ಎರಡು ಕಂತು ಬಂತು, ಆಮೇಲೆ ನಿಂತಿತು. ಹೋದ ಮುಂಗಾರಿನಲ್ಲಿ ಒಂದೂವರೆ ಎಕರೆ ಮುಸುಕಿನ ಜೋಳ ಮಳೆಗೆ ಹಾಳಾಯಿತು. ಪರಿಹಾರ ಬಂದಿಲ್ಲ. ಪಕ್ಕದ ಜಮೀನಿನವರ ಮಗ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. ಅವನಿಗೆ ಎರಡೂ ಬಂದಿದೆ. ಊರಿನ ಪಟ್ಟಿ ಕೊಡಿ ಅಂತ ಒಂದು ಕಚೇರಿಯಲ್ಲಿ ಕೇಳಿದೆ. 'ಅದು ಖಾಸಗಿ ಮಾಹಿತಿ, ಈಗ ಹೊಸ ಕಾನೂನು ಬಂದಿದೆ, ಕೊಡೋಕಾಗಲ್ಲ' ಅಂದರು. ಪಟ್ಟಿ ಕೇಳಿದವರ ಹೆಸರನ್ನೇ ತೆಗೆದುಹಾಕ್ತಾರೆ ಅಂತ ಊರಲ್ಲಿ ಹೆದರಿಸ್ತಾರೆ. ಅಮ್ಮನಿಗೆ ಬೇರೆ ಭಯ. ಹೆಸರು, ದುಡ್ಡು ಎಲ್ಲರಿಗೂ ಕಂಡರೆ ಅಕೌಂಟ್ ಖಾಲಿ ಮಾಡ್ತಾರೆ ಅಂತಾರೆ. ಮೊನ್ನೆ ವಾಟ್ಸಾಪ್‌ಗೆ ಪಿಎಂ-ಕಿಸಾನ್ ಅಂತ ಒಂದು ಫೈಲ್ ಕೂಡ ಬಂದಿತ್ತು. ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನಮಗೆ ಯಾಕೆ ಬರಲಿಲ್ಲ ಅನ್ನೋದು ಒಂದು. ಅವರಿಗೆ ಯಾಕೆ ಬಂತು ಅನ್ನೋದು ಇನ್ನೊಂದು. ಕೃಷಿ ಇಲಾಖೆಯಲ್ಲಿ, ಅದರಲ್ಲೂ ರೈತ ಸಂಪರ್ಕ ಕೇಂದ್ರದಲ್ಲಿ ಕೂತು ಕೆಲಸ ಮಾಡಿದವನಾಗಿ ಹೇಳುತ್ತೇನೆ, ಜನ ಮೊದಲನೆಯದಕ್ಕೆ ಉತ್ತರ ಸಿಗದೆ ಎರಡನೆಯದಕ್ಕೆ ಹೋಗುತ್ತಾರೆ. ಪಕ್ಕದವರ ಹೆಸರು ಪಟ್ಟಿಯಿಂದ ಹೋದರೂ ನಿಮ್ಮ ಹೆಸರು ತಾನಾಗಿ ಅಲ್ಲಿ ಬಂದು ಕೂರುವುದಿಲ್ಲ. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಬೇರೆ ಬೇರೆ ಮಾಡಿ ಕೇಳಬೇಕು.

ಮೊದಲು ಪಕ್ಕದವರ ವಿಷಯ ಮುಗಿಸಿಬಿಡೋಣ. ಬೆಂಗಳೂರಿನಲ್ಲಿ ಇರುವುದು ಪಿಎಂ-ಕಿಸಾನ್‌ಗೆ ಅಡ್ಡಿಯಲ್ಲ. ಕಂಪನಿ ಕೆಲಸವೂ ಅಷ್ಟರಿಂದಲೇ ಅಡ್ಡಿಯಾಗುವುದಿಲ್ಲ. ಯೋಜನೆ ಶುರುವಾದಾಗ ಎರಡು ಹೆಕ್ಟೇರ್‌ವರೆಗಿನ ಸಣ್ಣ ರೈತರಿಗೆ ಮಾತ್ರ ಇತ್ತು. 2019ರ ಜೂನ್‌ನಿಂದ ಆ ಮಿತಿ ತೆಗೆದರು. ಈಗ ಜಮೀನು ಎಷ್ಟಿದ್ದರೂ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಹೊರಗಿಟ್ಟವರು ಯಾರು ಅಂದರೆ, ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರು, ಸರ್ಕಾರಿ ನೌಕರರು (ಗ್ರೂಪ್ ಡಿ ನೌಕರರನ್ನು ಬಿಟ್ಟು), ತಿಂಗಳಿಗೆ 10,000 ಅಥವಾ ಅದಕ್ಕಿಂತ ಜಾಸ್ತಿ ಪಿಂಚಣಿ ಇರುವವರು, ಶಾಸಕರು ಸಂಸದರಂಥ ಹುದ್ದೆಯಲ್ಲಿರುವವರು, ಇದ್ದವರು, ಮತ್ತೆ ನೋಂದಣಿ ಮಾಡಿಸಿ ವೃತ್ತಿ ನಡೆಸುವ ಡಾಕ್ಟರು, ವಕೀಲರು, ಎಂಜಿನಿಯರು, ಸಿಎಗಳು. ನಿಮ್ಮ ಪಕ್ಕದ ಹುಡುಗ ತೆರಿಗೆ ಕಟ್ಟುವಷ್ಟು ಸಂಬಳ ತಗೊಂಡು ಈ ಹಣವನ್ನೂ ತಗೊಳ್ಳುತ್ತಿದ್ದರೆ ಅದು ತಪ್ಪು. ಇಲ್ಲದಿದ್ದರೆ ಇಲ್ಲ. ಅವನು ತೆರಿಗೆ ಕಟ್ಟುತ್ತಾನೋ ಇಲ್ಲವೋ ಊರಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಅಲ್ವಾ? ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ತಗೊಳ್ಳುವುದು ತಪ್ಪು, ಯಾಕೆಂದರೆ ಗಂಡ, ಹೆಂಡತಿ, ಹದಿನೆಂಟು ತುಂಬದ ಮಕ್ಕಳು ಸೇರಿ ಒಂದು ಕುಟುಂಬ. ಅಪ್ಪ ಮತ್ತು ಬೆಳೆದ ಮಗ ತಮ್ಮ ತಮ್ಮ ಖಾತೆಯ ಮೇಲೆ ತಗೊಂಡರೆ ತಪ್ಪಲ್ಲ. ಹಳ್ಳಿಯಲ್ಲಿ ಅತಿ ಜಾಸ್ತಿ ಗಲಾಟೆ ಆಗುವುದು ಈ ಕೊನೆಯದರ ಬಗ್ಗೆ. ಅದು ಸುಮ್ನೆ ಆಗುವ ಗಲಾಟೆ.

ಬೆಳೆ ಪರಿಹಾರದಲ್ಲಿ ಈ ಯಾವ ಷರತ್ತೂ ಇಲ್ಲ. ಅಲ್ಲಿ ನೋಡುವುದು ಹೊಲ, ಬೆಳೆ, ಹಾನಿ. ಮನುಷ್ಯ ಬೆಂಗಳೂರಿನಲ್ಲಿದ್ದರೂ ಹೊಲದಲ್ಲಿ ಬೆಳೆ ಇದ್ದು ಹಾಳಾಗಿದ್ದರೆ ಹಣ ಬರುತ್ತದೆ.

ಇನ್ನು ನಿಮ್ಮ ವಿಷಯ. ನಿಮ್ಮ ಹಣ ನಿಂತ ಕಾರಣ ನಿಮ್ಮ ಪತ್ರದಲ್ಲೇ ಇದೆ. ಪಹಣಿ ತೀರಿಕೊಂಡವರ ಹೆಸರಲ್ಲಿದೆ. ಕರ್ನಾಟಕದಲ್ಲಿ ಈಗ ರೈತರಿಗೆ ಹೋಗುವ ಬಹುತೇಕ ಎಲ್ಲ ಹಣ ಫ್ರೂಟ್ಸ್ ತಂತ್ರಾಂಶದ ಮೇಲೆ ನಿಂತಿದೆ. ಅದರಲ್ಲಿ ರೈತರಿಗೊಂದು ಎಫ್‌ಐಡಿ ನಂಬರ್. ಆ ನಂಬರಿಗೆ ಒಂದು ಕಡೆ ಆಧಾರ್, ಇನ್ನೊಂದು ಕಡೆ ಭೂಮಿ ತಂತ್ರಾಂಶದ ಪಹಣಿ. ಅಪ್ಪ ತೀರಿಕೊಂಡ ಮೇಲೆ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ದೃಢೀಕರಣ, ಮಾಡುವವರಿಲ್ಲ. ನಿಮ್ಮ ಹೆಸರಲ್ಲಿ ಎಫ್‌ಐಡಿ ಮಾಡಿಸಲು ಹೋದರೆ ಜೋಡಿಸಲು ನಿಮ್ಮ ಹೆಸರಿನ ಪಹಣಿ ಇಲ್ಲ. ಪಿಎಂ-ಕಿಸಾನ್ ನಿಂತಿದ್ದಕ್ಕೂ ಜೋಳದ ಪರಿಹಾರ ಬರದಿದ್ದಕ್ಕೂ ಬೇರು ಒಂದೇ. ಇದರಲ್ಲಿ ಯಾರದೋ ಕೈವಾಡ ಇರಲೇಬೇಕೆಂದಿಲ್ಲ.

ಹಾಗಾಗಿ ಮೊದಲ ಕೆಲಸ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಆಧಾರ್ ಪ್ರತಿಗಳು. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಬಿಡಬೇಡಿ. 'ಅವರೇನು ಕೇಳಲ್ಲ ಬಿಡಿ ಸರ್' ಅಂತ ಬಿಟ್ಟು ಮಾಡಿಸಿದ ಖಾತೆಗಳು ಆಮೇಲೆ ಕೋರ್ಟಿನಲ್ಲಿ ಸಿಕ್ಕಿಕೊಂಡಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಮುಂದೆ ಎರಡು ದಾರಿ ಇವೆ. ಎಲ್ಲ ವಾರಸುದಾರರ ಹೆಸರಿನಲ್ಲಿ ಜಂಟಿ ಖಾತೆ ಮಾಡಿಸುವುದು ಒಂದು. ಯಾರಿಗೂ ಅನ್ಯಾಯವಿಲ್ಲ, ತಕರಾರು ಕಡಿಮೆ. ಆದರೆ ಮುಂದೆ ಸಾಲಕ್ಕೆ, ಪೋಡಿಗೆ (ಜಮೀನು ಅಳೆಸಿ ಭಾಗ ಮಾಡಿಸಲು), ಸಬ್ಸಿಡಿಗೆ ಎಲ್ಲರ ಸಹಿ ಹುಡುಕಿಕೊಂಡು ಓಡಾಡಬೇಕಾಗುತ್ತದೆ. ಎರಡನೆಯದು ಉಳಿದವರ ಒಪ್ಪಿಗೆ ಬರವಣಿಗೆಯಲ್ಲಿ ಪಡೆದು ಅಮ್ಮನ ಒಬ್ಬರ ಹೆಸರಿಗೆ ಮಾಡಿಸುವುದು. ಸಬ್ಸಿಡಿ ಮಟ್ಟಿಗೆ ಇದು ಸಲೀಸು. ಆದರೆ ಒಪ್ಪಿಗೆಯನ್ನು ಬಾಯಿಮಾತಿಗೆ ಬಿಟ್ಟರೆ ನಾಳೆ ಮನೆಯೊಳಗೇ ಜಗಳ. ನನ್ನ ಕೇಳಿದರೆ, ಅಣ್ಣತಮ್ಮ ಅಕ್ಕತಂಗಿಯರ ನಡುವೆ ಮಾತು ಚೆನ್ನಾಗಿದ್ದರೆ ಎರಡನೆಯದು, ಸ್ವಲ್ಪ ಅನುಮಾನವಿದ್ದರೂ ಮೊದಲನೆಯದು.

ಪಿಎಂ-ಕಿಸಾನ್‌ನಲ್ಲಿ ಜಮೀನು 2019ರ ಫೆಬ್ರವರಿ 1ಕ್ಕೆ ಯಾರ ಹೆಸರಲ್ಲಿತ್ತು ಅನ್ನೋದೇ ಲೆಕ್ಕ. ಆ ದಿನದ ನಂತರ ಕೊಂಡವರಿಗೆ ಇಲ್ಲ. 'ಹಾಗಾದರೆ ನನ್ನ ಹೆಸರಿಗೆ ಈಗ ಬಂದರೆ ಪ್ರಯೋಜನವೇನು' ಅಂತ ಅಂದುಕೊಳ್ಳಬೇಡಿ. ವಾರಸುದಾರಿಕೆಯಿಂದ ಬಂದ ಜಮೀನಿಗೆ ಇದರಲ್ಲಿ ವಿನಾಯಿತಿ ಇದೆ. ಖಾತೆ ಬದಲಾದ ಎಂಆರ್ (ಮ್ಯುಟೇಶನ್ ದಾಖಲೆ) ಪ್ರತಿ, ಮರಣ ಪ್ರಮಾಣಪತ್ರ ಇಟ್ಟುಕೊಂಡು ಹೊಸದಾಗಿ ನೋಂದಾಯಿಸಬಹುದು.

ಖಾತೆಯಾದ ಮೇಲೆ ಎಫ್‌ಐಡಿ ಮಾಡಿಸುವಾಗ ಒಂದು ಮಾತು ನೆನಪಿರಲಿ. ನಿಮ್ಮ ಎಲ್ಲ ಸರ್ವೆ ನಂಬರು, ಹಿಸ್ಸಾ ಸೇರಿವೆಯಾ ನೋಡಿ. ಮನೆ ಹತ್ತಿರದ ಒಂದು ತುಂಡು ಸೇರಿಸಿ, ಕೆರೆ ಹಿಂದಿನ ತುಂಡು ಬಿಟ್ಟುಹೋದ ಎಫ್‌ಐಡಿಗಳು ಊರೂರಲ್ಲೂ ಇವೆ. ಬೆಳೆ ಹಾಳಾಗುವುದು ಯಾವಾಗಲೂ ಆ ಬಿಟ್ಟುಹೋದ ತುಂಡಿನಲ್ಲೇ! ಹಾಗೆಯೇ ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಜೋಡಣೆ, ಅಂದರೆ ಸರ್ಕಾರದ ಹಣ ಬರಲು ಆಧಾರ್ ಅನ್ನು ಖಾತೆಗೆ ಜೋಡಿಸುವುದು, ಆಗಿದೆಯಾ ಕೇಳಿ. ಹಣ ಹೋಗುವುದು ನೀವು ಅರ್ಜಿಯಲ್ಲಿ ಬರೆದ ಅಕೌಂಟಿಗೆ ಅಲ್ಲ, ಆಧಾರ್ ಕೊನೆಗೆ ಜೋಡಣೆಯಾದ ಅಕೌಂಟಿಗೆ. ಹಣ ಬಂದಿಲ್ಲ ಅಂತ ಬಂದವರ ದುಡ್ಡು ಯಾವತ್ತೋ ತೆರೆದು ಮರೆತ ಜನ್‌ಧನ್ ಖಾತೆಯಲ್ಲಿ ಸುಮ್ನೆ ಕೂತಿರುವುದುಂಟು. 'ಡಿಬಿಟಿ ಕರ್ನಾಟಕ' ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ನಿಮ್ಮ ಆಧಾರ್‌ಗೆ ಯಾವ ಯೋಜನೆಯಿಂದ ಎಷ್ಟು, ಯಾವ ಬ್ಯಾಂಕಿಗೆ ಬಂದಿದೆ ಅಂತ ಕಾಣಿಸುತ್ತದೆ. ಅಮ್ಮನ ಆಧಾರ್‌ನದೂ ಒಮ್ಮೆ ನೋಡಿಬಿಡಿ.

ಜೋಳದ ಪರಿಹಾರಕ್ಕೆ ಇನ್ನೊಂದು ಕೊಂಡಿ ಇದೆ, ಬೆಳೆ ಸಮೀಕ್ಷೆ. ಹಂಗಾಮಿನಲ್ಲಿ ರೈತರೇ ಆ್ಯಪ್‌ನಲ್ಲಿ ಬೆಳೆ ದಾಖಲಿಸಬಹುದು. ಮಾಡದಿದ್ದರೆ ಪಿಆರ್‌ಗಳು, ಅಂದರೆ ಗೊತ್ತು ಮಾಡಿದ ಊರಿನ ಹುಡುಗರು, ಬಂದು ಫೋಟೋ ತೆಗೆದು ಹಾಕುತ್ತಾರೆ. ಅಲ್ಲಿ ನಿಮ್ಮ ಹೊಲ 'ಪಾಳು' ಅಂತಲೋ, ಜೋಳದ ಬದಲು ರಾಗಿ ಅಂತಲೋ ಬಿದ್ದಿದ್ದರೆ ಮುಂದಿನದೆಲ್ಲ ತಪ್ಪುತ್ತದೆ. ಬೆಳೆ ದರ್ಶಕ್ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಏನು ದಾಖಲಾಗಿದೆ, ಯಾವ ಫೋಟೋ ಇದೆ ಅಂತ ನೋಡಬಹುದು. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಆದರೆ ಅದಕ್ಕೆ ಅವಧಿ ಇರುತ್ತದೆ. ಪರಿಹಾರದ ಮಾತು ಎದ್ದ ಮೇಲೆ ನೋಡಿದರೆ ತಡವಾಯಿತು.

ಆಮೇಲೆ ಹಾನಿಯ ಜಂಟಿ ಸಮೀಕ್ಷೆ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಸೇರಿ ಮಾಡುತ್ತಾರೆ. ಶೇ 33 ಅಥವಾ ಅದಕ್ಕಿಂತ ಜಾಸ್ತಿ ಹಾಳಾಗಿದ್ದರೆ ಮಾತ್ರ ಪಟ್ಟಿಗೆ ಸೇರುತ್ತದೆ. ಕೇಂದ್ರದ ವಿಪತ್ತು ನಿಧಿಯ ಮಾರ್ಗಸೂಚಿಯಲ್ಲಿ 2022-23ರಿಂದ 2025-26ರವರೆಗೆ ನಿಗದಿಯಾದ ದರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಒಬ್ಬರಿಗೆ ಎರಡು ಹೆಕ್ಟೇರ್ ಮಿತಿ. ಕೆಲವು ಸಲ ರಾಜ್ಯ ಸರ್ಕಾರ ತನ್ನ ಕಡೆಯಿಂದ ಸೇರಿಸಿ ಕೊಡುತ್ತದೆ. ನಿಮ್ಮ ಒಂದೂವರೆ ಎಕರೆ ಮಳೆಯಾಶ್ರಿತ ಜೋಳ ಅಂದರೆ ಕೇಂದ್ರದ ದರದಲ್ಲಿ ಸುಮಾರು 5,160 ರೂಪಾಯಿ. ಇದನ್ನು ಹೇಳಿದ್ದು ಯಾಕೆಂದರೆ, ಪಕ್ಕದವರಿಗೆ ಇಪ್ಪತ್ತು ಸಾವಿರ ಬಂತು, ನಮಗೆ ಐದೇ ಸಾವಿರ ಅಂತ ದೂರು ಕೊಡುವವರು ಹಲವರು. ಅವರದು ಕಾಫಿ, ಮೆಣಸು ಅಥವಾ ಅಡಿಕೆ ತೋಟ ಆಗಿದ್ದರೆ ದರವೇ ಬೇರೆ. ಬೆಳೆ ವಿಮೆಯಂತೂ ಇದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಲೆಕ್ಕ. ಕಂತು ಕಟ್ಟಿದವರಿಗೆ ಮಾತ್ರ ಅದು.

ಈಗ ಪಟ್ಟಿಯ ಪ್ರಶ್ನೆ.

ಕೆಲವು ಪಟ್ಟಿಗಳನ್ನು ಯಾರನ್ನೂ ಕೇಳಬೇಕಾಗಿಯೇ ಇಲ್ಲ. ಪಿಎಂ-ಕಿಸಾನ್ ಪೋರ್ಟಲ್‌ನಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ ಆರಿಸಿದರೆ ಊರಿನ ಫಲಾನುಭವಿಗಳ ಹೆಸರು ಬರುತ್ತದೆ. ಬೆಳೆ ಹಾನಿಯ ಹಣಕ್ಕೆ ಕಂದಾಯ ಇಲಾಖೆಯ 'ಪರಿಹಾರ' ಪೋರ್ಟಲ್ ಇದೆ. ವರ್ಷ, ಹಂಗಾಮು, ವಿಪತ್ತಿನ ಬಗೆ ಕೊಟ್ಟು ನಿಮ್ಮ ಪಾವತಿಯ ಸ್ಥಿತಿ ನೋಡಬಹುದು. ಇವೆರಡರ ಜೊತೆಗೆ ರಾಜ್ಯ ಸರ್ಕಾರದ 'ಮಾಹಿತಿ ಕಣಜ' ಇದೆ. ಬೇರೆ ಬೇರೆ ಇಲಾಖೆಗಳ ಮಾಹಿತಿಯನ್ನು ಅರ್ಜಿಯಿಲ್ಲದೆ ಒಂದೇ ಕಡೆ ಕೊಡಲು ಮಾಡಿದ ಜಾಲತಾಣ ಅದು. ರಾಜಸ್ಥಾನ ಸರ್ಕಾರ 2019ರಲ್ಲಿ ಇದೇ ಬಗೆಯ ಪೋರ್ಟಲ್ ಶುರು ಮಾಡಿತ್ತು. ನಿಮ್ಮ ಕೈಯಲ್ಲಿರುವ ಫೋನ್‌ನಲ್ಲೇ ಇವುಗಳನ್ನು ನೋಡಬಹುದು.

ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟ ಸೌಲಭ್ಯ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಪ್ರತಿ ಕಚೇರಿ ತಾನಾಗಿಯೇ ಪ್ರಕಟಿಸಬೇಕಾದ ಸಂಗತಿಗಳ ಪಟ್ಟಿ ಇದೆ. 4(1)(ಬಿ) ಅಡಿಯ ಹನ್ನೆರಡನೇ ಅಂಶ ನೇರವಾಗಿ ನಿಮ್ಮ ಪ್ರಶ್ನೆಗೇ ಸಂಬಂಧಿಸಿದ್ದು. ಸಬ್ಸಿಡಿ ಕಾರ್ಯಕ್ರಮಗಳನ್ನು ಜಾರಿ ಮಾಡುವ ರೀತಿ, ಅದಕ್ಕಿಟ್ಟ ಹಣ, ಫಲಾನುಭವಿಗಳ ವಿವರ ಪ್ರಕಟಿಸಬೇಕು ಅನ್ನುತ್ತದೆ ಅದು.

ಹಾಗಾದರೆ ಕಚೇರಿಯವರು ಹೇಳಿದ ಹೊಸ ಕಾನೂನು ಸುಳ್ಳಾ? ಪೂರ್ತಿ ಸುಳ್ಳಲ್ಲ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಒಂದು ಕಾಯ್ದೆ ಬಂತು. ಅದರ ಮೂಲಕ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಅನ್ನು ಬದಲಾಯಿಸಿದರು. ಆ ಬದಲಾವಣೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಒಬ್ಬರ ಖಾಸಗಿತನಕ್ಕೆ ವಿನಾಕಾರಣ ಕೈ ಹಾಕುವಂಥ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬಹುದಿತ್ತು. ಈಗ ಆ ಷರತ್ತುಗಳೆಲ್ಲ ಹೋಗಿ 'ವೈಯಕ್ತಿಕ ಮಾಹಿತಿ' ಅಂತಷ್ಟೇ ಉಳಿದಿದೆ. ಅಧಿಕಾರಿಗೆ ಇಲ್ಲ ಅನ್ನುವುದು ಸುಲಭವಾಗಿದೆ. ಇದು ಹಿನ್ನಡೆ ಅಂತಲೇ ನನ್ನ ಅಭಿಪ್ರಾಯ. ಆದರೆ ಎರಡು ಬಾಗಿಲು ಮುಚ್ಚಿಲ್ಲ. ನಾನು ಹೇಳಿದ 4ನೇ ಸೆಕ್ಷನ್‌ಗೆ ಕೈ ಹಾಕಿಲ್ಲ. ಜೊತೆಗೆ 8(2) ಹಾಗೇ ಇದೆ. ರಕ್ಷಣೆಗಿಂತ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು ಅನ್ನುವ ಸೆಕ್ಷನ್ ಅದು. ಹಾಗಾಗಿ 'ಹೊಸ ಕಾನೂನು' ಅಂದ ಕೂಡಲೇ ವಾಪಸ್ ಬರಬೇಡಿ.

ಆದರೆ ಅಮ್ಮನ ಭಯವನ್ನು ತಳ್ಳಿಹಾಕಬೇಡಿ. ಇದೇ ಜಗಳ ಯುರೋಪಿನಲ್ಲೂ ಆಗಿದೆ. ಯುರೋಪಿಯನ್ ಒಕ್ಕೂಟ ಕೃಷಿ ಸಹಾಯಧನ ಪಡೆದವರೆಲ್ಲರ ಹೆಸರು, ಊರು, ಮೊತ್ತವನ್ನು ಇಂಟರ್‌ನೆಟ್‌ನಲ್ಲಿ ಹಾಕುತ್ತಿತ್ತು. ಜರ್ಮನಿಯ ಹೆಸ್ಸೆ ರಾಜ್ಯದ ಕೃಷಿಕರು ಕೋರ್ಟಿಗೆ ಹೋದರು. 2010ರ ನವೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಎಷ್ಟು ಹಣ, ಎಷ್ಟು ಕಾಲ ಅಂತ ಯಾವ ಭೇದವನ್ನೂ ಮಾಡದೆ ಪ್ರತಿ ವ್ಯಕ್ತಿಯ ಹೆಸರು ಹಾಕುವುದು ಅತಿಯಾಯಿತು ಅಂತ ಆ ನಿಯಮವನ್ನು ರದ್ದು ಮಾಡಿತು. ಹಾಗಂತ ಅವರು ಎಲ್ಲ ಮುಚ್ಚಿಡಲಿಲ್ಲ. 2013ರಲ್ಲಿ ಹೊಸ ನಿಯಮ ತಂದು ಹೆಸರು ಪ್ರಕಟಿಸುವುದನ್ನು ಮತ್ತೆ ಶುರು ಮಾಡಿದರು. ತೀರಾ ಚಿಕ್ಕ ಮೊತ್ತ ಪಡೆಯುವವರ ಹೆಸರು ಮಾತ್ರ ಬಿಟ್ಟರು. ನಮ್ಮಲ್ಲಿ ನಡೆಯುತ್ತಿರುವುದು ಒಂಥರಾ ಉಲ್ಟಾ. ಎರಡು ಸಾವಿರ ತಗೊಂಡವರ ಹೆಸರು ಊರಿಗೆಲ್ಲ ಕಾಣುತ್ತದೆ. ದೊಡ್ಡ ಹಣ ಎಲ್ಲಿ ಹೋಗುತ್ತದೆ ಅನ್ನೋದು ಕಾಣುವುದಿಲ್ಲ.

ಸ್ವಲ್ಪ ಲೆಕ್ಕ ನೋಡಿ. 2024-25ರ ಕೇಂದ್ರ ಬಜೆಟ್‌ನಲ್ಲಿ ಪಿಎಂ-ಕಿಸಾನ್‌ಗೆ ಇಟ್ಟಿದ್ದು 60,000 ಕೋಟಿ. ರಸಗೊಬ್ಬರದ ಸಬ್ಸಿಡಿಗೆ ಇಟ್ಟಿದ್ದು 1.64 ಲಕ್ಷ ಕೋಟಿ. ಗೊಬ್ಬರದ ಹಣ ನಿಮ್ಮ ಖಾತೆಗೆ ಬರುವುದಿಲ್ಲ. ಅಂಗಡಿಯ ಮೆಷಿನ್‌ನಲ್ಲಿ ನೀವು ಬೆರಳೊತ್ತಿ ಚೀಲ ತಗೊಂಡ ಮೇಲೆ ಕಂಪನಿಗೆ ಹೋಗುತ್ತದೆ. ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತೂ ಹಾಗೇ. 10 ಎಚ್‌ಪಿವರೆಗಿನ ಬೋರ್‌ವೆಲ್ಲಿನ ಕರೆಂಟ್ ದುಡ್ಡು ಸರ್ಕಾರದಿಂದ ವಿದ್ಯುತ್ ಕಂಪನಿಗೆ. ಜಾಸ್ತಿ ಜಮೀನು, ಜಾಸ್ತಿ ಬೋರ್ ಇದ್ದವರಿಗೆ ಇದರಲ್ಲಿ ಜಾಸ್ತಿ ಪಾಲು. ಬೋರೇ ಇಲ್ಲದ ರಾಗಿ ಹೊಲದವರಿಗೆ ಸೊನ್ನೆ. ಇದಕ್ಕೆ ಊರವಾರು ಪಟ್ಟಿಯನ್ನು ಯಾರೂ ಗೋಡೆಗೆ ಅಂಟಿಸಿದ್ದಿಲ್ಲ. ಪಕ್ಕದವರ ಎರಡು ಸಾವಿರದ ಬಗ್ಗೆ ಕಟ್ಟೆ ಮೇಲೆ ಗಂಟೆಗಟ್ಟಲೆ ಮಾತಾಡುವ ನಾವು ಇದನ್ನು ಕೇಳಿದ್ದು ಕಡಿಮೆ.

ಇನ್ನೊಂದು ಕಾಣದ ಸಂಗತಿ ಗುತ್ತಿಗೆ. ನಿಮ್ಮ ಕಡೆ ಶುಂಠಿಗೆ, ಆಲೂಗಡ್ಡೆಗೆ ಹೊಲ ಗುತ್ತಿಗೆ ಕೊಡುವುದು ಸಾಮಾನ್ಯ. ಆದರೆ ನಮ್ಮ ರಾಜ್ಯದ ಭೂ ಸುಧಾರಣಾ ಕಾಯ್ದೆ 1974ರಿಂದ ಗೇಣಿ ಕೊಡುವುದನ್ನೇ ನಿಷೇಧಿಸಿದೆ. ಹಾಗಾಗಿ ಒಪ್ಪಂದವೆಲ್ಲ ಬಾಯಲ್ಲೇ. ಬೆಳೆ ಹಾಳಾದಾಗ ಪಹಣಿಯವರ ಹೆಸರಿಗೆ ಹಣ ಬರುತ್ತದೆ. ಬೀಜಕ್ಕೆ, ಔಷಧಿಗೆ ಸಾಲ ಮಾಡಿದವನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಪಟ್ಟಿ ಎಷ್ಟೇ ಪಾರದರ್ಶಕವಾಗಿದ್ದರೂ ಅಲ್ಲಿ ಅವನಿಲ್ಲ.

ನನಗೆ ಅನ್ನಿಸುವುದು ಇಷ್ಟು. ನಮ್ಮಲ್ಲಿರುವ ಪಟ್ಟಿಗಳು ಯಾರಿಗೆ ಸಿಕ್ಕಿತು ಅಂತ ಹೇಳುತ್ತವೆ. ಯಾರಿಗೆ ಸಿಗಲಿಲ್ಲ, ಯಾವ ಕಾರಣಕ್ಕೆ ಅಂತ ಹೇಳುವುದಿಲ್ಲ. ನಿಮ್ಮಂಥವರಿಗೆ ಬೇಕಾದದ್ದು ಆ ಎರಡನೇ ಪಟ್ಟಿ. ಎಫ್‌ಐಡಿ ಇಲ್ಲ, ಆಧಾರ್‌ಗೂ ಪಹಣಿಗೂ ಹೆಸರು ಹೊಂದಿಕೆಯಾಗಿಲ್ಲ, ಸಮೀಕ್ಷೆಯಲ್ಲಿ ಪಾಳು ಅಂತ ಇದೆ, ಪಹಣಿದಾರರು ತೀರಿಕೊಂಡಿದ್ದಾರೆ ಅಂತ ಕಾರಣದ ಸಮೇತ ಪಂಚಾಯಿತಿ ಬೋರ್ಡಿನಲ್ಲಿ ಹಾಕಿದರೆ ಅರ್ಧ ಜಗಳ ನಿಲ್ಲುತ್ತದೆ. ಆದ್ದರಿಂದ ಮಾಹಿತಿ ಕೇಳುವಾಗ ಅದನ್ನೂ ಸೇರಿಸಿ ಕೇಳಿ.

ಅರ್ಜಿ ಹೇಗೆ ಬರೆಯಬೇಕು ಅನ್ನೋದರಲ್ಲೇ ಮುಕ್ಕಾಲು ಪಾಲು ಗೆಲುವಿದೆ. 'ಇಂಥವರ ಮಗನಿಗೆ ಎಷ್ಟು ಹಣ ಬಂದಿದೆ, ಅವನ ತೆರಿಗೆ ವಿವರ ಕೊಡಿ' ಅಂತ ಬರೆದರೆ ತಿರಸ್ಕಾರವಾಗುವುದು ಖಂಡಿತ. ಊರಲ್ಲಿ ವೈರ ಬೇರೆ. ಒಬ್ಬರ ಹೆಸರು ಹಿಡಿಯದೆ ಇಡೀ ಗ್ರಾಮದ ಯೋಜನೆ ಹಿಡಿಯಿರಿ. ಹೀಗೆ ಬರೆಯಬಹುದು:

'ಹೋದ ಮುಂಗಾರು ಹಂಗಾಮಿನ ಬೆಳೆ ಹಾನಿ ಪರಿಹಾರಕ್ಕೆ ಸಂಬಂಧಿಸಿ ನಮ್ಮ ಗ್ರಾಮದ ಈ ಮಾಹಿತಿ ಕೊಡಿ. 1. ಪರಿಹಾರ ಮಂಜೂರಾದವರ ಹೆಸರು, ಸರ್ವೆ ನಂಬರ್, ಬೆಳೆ, ಹಾನಿಯ ವಿಸ್ತೀರ್ಣ, ಮೊತ್ತ. 2. ಸಮೀಕ್ಷೆಯಲ್ಲಿ ಹಾನಿ ಎಂದು ದಾಖಲಾಗಿಯೂ ಹಣ ಪಾವತಿಯಾಗದ ಸರ್ವೆ ನಂಬರ್‌ಗಳು ಮತ್ತು ಪ್ರತಿಯೊಂದಕ್ಕೂ ಕಾರಣ. ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ನನಗೆ ಬೇಡ. ದಾಖಲೆಯಲ್ಲಿದ್ದರೆ ಸೆಕ್ಷನ್ 10ರಂತೆ ಅಷ್ಟನ್ನು ಬಿಟ್ಟು ಉಳಿದದ್ದು ಕೊಡಿ. ಇದು ಸೆಕ್ಷನ್ 4(1)(ಬಿ) ಹನ್ನೆರಡನೇ ಅಂಶದ ಅಡಿ ಪ್ರಕಟಿಸಬೇಕಾದ ಮಾಹಿತಿ.'

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಮೇಲಿನದು ಅದರೊಳಗೇ ಇದೆ. ಪಿಎಂ-ಕಿಸಾನ್‌ಗೆ ಬೇರೆ ಅರ್ಜಿ ಹಾಕಿ. ಅದು ಕೃಷಿ ಇಲಾಖೆಗೆ, ಪರಿಹಾರದ್ದು ತಹಶೀಲ್ದಾರ್ ಕಚೇರಿಗೆ. ಶುಲ್ಕ 10 ರೂಪಾಯಿ. ಯಾಕೆ ಬೇಕು ಅಂತ ಕೇಳಿದರೆ ಕಾರಣ ಹೇಳಬೇಕಾಗಿಲ್ಲ, ಕಾಯ್ದೆಯಲ್ಲೇ ಹಾಗಿದೆ. ತಪ್ಪು ಕಚೇರಿಗೆ ಕೊಟ್ಟರೂ ಅವರೇ ಐದು ದಿನದಲ್ಲಿ ಸರಿಯಾದ ಕಡೆಗೆ ಕಳಿಸಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಇಲ್ಲ ಅಂದರೆ, ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ಆಯೋಗದಲ್ಲಿ ತಡವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಬಹಳಷ್ಟು ಸಲ ಮೊದಲ ಮೇಲ್ಮನವಿಯಲ್ಲೇ ಕಾಗದ ಹೊರಬರುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು ಇದನ್ನು ಓದುತ್ತಿದ್ದರೆ ಒಂದು ಮಾತು. ಕಾಫಿ ಮಂಡಳಿ ಕೇಂದ್ರದ ಸಂಸ್ಥೆ. ಅಲ್ಲಿನ ಸಬ್ಸಿಡಿ ಬಗ್ಗೆ ಕೇಳುವುದಾದರೆ ಕೇಂದ್ರದ ನಿಯಮ, ಪದಮಿತಿ 500.

ಅರ್ಜಿ ಹಾಕಿದವರ ಹೆಸರು ತೆಗೆದುಹಾಕುತ್ತಾರೆ ಅನ್ನೋ ಮಾತಿಗೆ ಬರೋಣ. ಅರ್ಜಿ ಹಾಕಿದ ಕಾರಣಕ್ಕೆ ಫಲಾನುಭವಿಯನ್ನು ಕೈಬಿಡಲು ಯಾವ ನಿಯಮವೂ ಇಲ್ಲ. ಆದರೆ ಒಂದು ನಿಜವಾದ ಅಪಾಯ ಇದೆ. ಪಟ್ಟಿ ಹೊರಗೆ ಬಂದಾಗ ಎಲ್ಲರದೂ ಪರಿಶೀಲನೆಗೆ ಬರುತ್ತದೆ, ನಿಮ್ಮ ಮನೆಯದೂ. ಅಪ್ಪ ತೀರಿಕೊಂಡ ಮೇಲೆ ಬಂದ ಕಂತುಗಳ ಬಗ್ಗೆ ಕೊನೆಗೆ ಹೇಳುತ್ತೇನೆ. ಇನ್ನು ಊರಿನ ಸಂಬಂಧ. ಇದನ್ನು ನಾನು ಹಗುರ ಮಾಡಿ ಹೇಳುವುದಿಲ್ಲ. ಒಬ್ಬರೇ ಅರ್ಜಿ ಹಾಕಿದರೆ ಎಲ್ಲರ ಕಣ್ಣೂ ನಿಮ್ಮ ಮೇಲೆ. ಪರಿಹಾರ ಬರದ ನಾಲ್ಕಾರು ಜನ ನಿಮ್ಮೂರಲ್ಲೇ ಇರುತ್ತಾರೆ. ಸೇರಿಕೊಂಡು ಗ್ರಾಮಸಭೆಯಲ್ಲಿ ಕೇಳಿ. ಪಟ್ಟಿಯನ್ನು ಸಭೆಯಲ್ಲಿ ಓದಿಸಿ, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಇದರಲ್ಲಿ ಯಾರ ಮೇಲೂ ಬೆರಳು ತೋರಿಸಿದಂತಾಗುವುದಿಲ್ಲ. ತೊಂದರೆ ಏನಂದರೆ ಗ್ರಾಮಸಭೆಗೆ ಜನ ಬರುವುದಿಲ್ಲ, ಬಂದರೂ ಬೇರೆ ಇಲಾಖೆಯವರು ಇರುವುದಿಲ್ಲ. ಹಾಗಾಗಿ ಸಭೆ ಮೊದಲು, ಅರ್ಜಿ ಆಮೇಲೆ ಅನ್ನೋದು ನನ್ನ ಸಲಹೆ.

ಕೇಳಿದರೆ ಏನಾಗುತ್ತದೆ ಅನ್ನೋದಕ್ಕೆ ಪಿಎಂ-ಕಿಸಾನ್‌ನದೇ ಉದಾಹರಣೆ ಇದೆ. ಮಾಹಿತಿ ಹಕ್ಕಿಗಾಗಿ ಕೆಲಸ ಮಾಡುವ ವೆಂಕಟೇಶ್ ನಾಯಕ್ ಅರ್ಜಿ ಹಾಕಿದಾಗ ಕೇಂದ್ರ ಕೃಷಿ ಸಚಿವಾಲಯ ಕೊಟ್ಟ ಉತ್ತರ 2021ರ ಜನವರಿಯಲ್ಲಿ ಹೊರಬಂತು. 20.48 ಲಕ್ಷ ಅನರ್ಹರಿಗೆ 1,364 ಕೋಟಿ ರೂಪಾಯಿ ಹೋಗಿತ್ತು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಆದಾಯ ತೆರಿಗೆ ಕಟ್ಟುವವರು. ಗಮನಿಸಿ, ಆ ಉತ್ತರಕ್ಕೆ ಒಬ್ಬರ ಹೆಸರೂ ಬೇಕಾಗಲಿಲ್ಲ. ಅಂಕಿಗಳೇ ಸಾಕಾದವು. ಹೆಸರು ಬೇಕಾಗುವುದು ಊರಿನ ಮಟ್ಟದಲ್ಲಿ, ಹೊಲ ನೋಡಿ ಹೇಳಬಲ್ಲವರು ಇರುವ ಕಡೆ. ಹನಿ ನೀರಾವರಿ ಸಬ್ಸಿಡಿ ತಗೊಳ್ಳಿ. ಕಡತದಲ್ಲಿ ಬಿಲ್ ಇರುತ್ತದೆ, ಫೋಟೋ ಇರುತ್ತದೆ. ಹೊಲದಲ್ಲಿ ಪೈಪು ಇದೆಯೋ ಇಲ್ಲವೋ ಅಂತ ಹೇಳಬಲ್ಲವರು ಬದುವಿನ ಪಕ್ಕದವರು ಮಾತ್ರ. ಸರ್ವೆ ನಂಬರ್ ಸಮೇತ ಪಟ್ಟಿ ಇದ್ದರೆ ಅವರು ಹೇಳುತ್ತಾರೆ.

ಅಮ್ಮನಿಗೆ ಹೀಗೆ ಹೇಳಿ. ಪಿಎಂ-ಕಿಸಾನ್ ಊರಿನ ಪಟ್ಟಿಯಲ್ಲಿ ಆಧಾರ್ ನಂಬರು, ಬ್ಯಾಂಕ್ ಖಾತೆ ನಂಬರು ಇರುವುದಿಲ್ಲ. ಆಧಾರ್ ನಂಬರನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ಆಧಾರ್ ಕಾಯ್ದೆಯೇ ನಿಷೇಧಿಸಿದೆ. ಯಾವುದಾದರೂ ಕಚೇರಿ ಬೋರ್ಡಿನಲ್ಲಿ ಪೂರ್ತಿ ಆಧಾರ್ ನಂಬರಿನ ಪಟ್ಟಿ ಅಂಟಿಸಿದ್ದರೆ ತೆಗೆಸಿ, ಅದು ಪಾರದರ್ಶಕತೆ ಅಲ್ಲ. ಹೆಸರು ಗೊತ್ತಾದ ಮಾತ್ರಕ್ಕೆ ಖಾತೆಯಿಂದ ಹಣ ತೆಗೆಯಲಾಗುವುದಿಲ್ಲ. ಆದರೆ ನಿಮ್ಮ ಹೆಸರು, ಊರು ಹೇಳಿ ನಂಬಿಸಲು ಕಳ್ಳನಿಗೆ ಅಷ್ಟು ಸಾಕು. ಅಪಾಯ ಇರುವುದು ಅಲ್ಲಿ. ವಾಟ್ಸಾಪ್‌ಗೆ ಬಂದ ಆ ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ (.apk) ಅಂತ ಇದ್ದರೆ ಒತ್ತಬೇಡಿ, ಅಳಿಸಿ. ಅದನ್ನು ಹಾಕಿಕೊಂಡರೆ ಫೋನಿಗೆ ಬರುವ ಒಟಿಪಿ ಅವರ ಕೈಗೆ ಹೋಗುತ್ತದೆ. ಈಗಾಗಲೇ ಒತ್ತಿದ್ದರೆ ಫೋನಿನ ಇಂಟರ್‌ನೆಟ್ ಆಫ್ ಮಾಡಿ, ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ, ಹಣ ಹೋಗಿದ್ದರೆ ಬೇರೆ ಫೋನಿನಿಂದ ಕೂಡಲೇ 1930ಕ್ಕೆ ಕರೆ ಮಾಡಿ. ಪಿಎಂ-ಕಿಸಾನ್ ಬಗ್ಗೆ ಏನೇ ಅನುಮಾನ ಇದ್ದರೂ 155261 ಸಹಾಯವಾಣಿ ಇದೆ, ಇಲ್ಲವೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ.

ಕೊನೆಗೆ ಆ ಎರಡು ಕಂತು. ಅಪ್ಪ ತೀರಿಕೊಂಡ ಮೇಲೆ ಅವರ ಹೆಸರಿಗೆ ಬಂದ 4,000 ರೂಪಾಯಿ ನಿಮಗೆ ಸೇರಿದ್ದಲ್ಲ. ಇವತ್ತಲ್ಲ ನಾಳೆ ವಸೂಲಿ ಪಟ್ಟಿಯಲ್ಲಿ ಬರುತ್ತದೆ. ಅದು ಬರುವ ಮೊದಲು ನೀವೇ ಕಟ್ಟಿಬಿಡಿ. ಪಿಎಂ-ಕಿಸಾನ್ ಪೋರ್ಟಲ್‌ನಲ್ಲಿ ಹಣ ವಾಪಸ್ ಕಟ್ಟಲು ಅವಕಾಶ ಇದೆ, ಗೊತ್ತಾಗದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಅಪ್ಪನ ಖಾತೆಯಲ್ಲೇ ಆ ಹಣ ಇನ್ನೂ ಇದ್ದರೆ ಎಟಿಎಂ ಕಾರ್ಡಿನಿಂದ ತೆಗೆಯಬೇಡಿ, ಮರಣ ಪ್ರಮಾಣಪತ್ರ ತಗೊಂಡು ಬ್ಯಾಂಕಿನಲ್ಲಿ ಮಾತಾಡಿ. ರಸೀದಿ ಜೋಪಾನ ಮಾಡಿ. ಪೌತಿ ಖಾತೆಯಾಗಿ ಅಮ್ಮನ ಹೆಸರಲ್ಲೋ ನಿಮ್ಮ ಹೆಸರಲ್ಲೋ ಹೊಸ ಅರ್ಜಿ ಹಾಕುವಾಗ ಅದರ ಪ್ರತಿಯನ್ನು ಜೊತೆಗಿಟ್ಟು ಕೊಡಿ. ಗ್ರಾಮಸಭೆಯಲ್ಲಿ ಎದ್ದು ನಿಲ್ಲುವುದಕ್ಕೆ ಮೊದಲೇ ಈ ಕೆಲಸ ಆಗಿರಲಿ.